ಜರತಾರಿಯ ಎರಡು ಬೆಲೆಗಳು

ನಮ್ಮ ಗೃಹಸ್ಥರ ಮನೆಗಳಲ್ಲಿ ಚಿನ್ನ ಬೆಳ್ಳಿಗಳಿಗೆ ಲೆಕ್ಕವುಂಟು. ಯಾವ ಒಡವೆ ಎಷ್ಟು ತೂಕದ್ದು, ಯಾವ ವರ್ಷದಲ್ಲಿ ಮಾಡಿಸಿದ್ದು, ಯಾರ ಪಾಲಿಗೆ ಸೇರತಕ್ಕದ್ದು ಎಂಬುದನ್ನು ಮನೆಯ ಹಿರಿಯರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಆದರೆ ಅದೇ ಮನೆಯ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿರುವ ಜರತಾರಿ ಸೀರೆಗೆ ಮಾತ್ರ ಲೆಕ್ಕವಿಲ್ಲ. ಅದು ಎಲ್ಲಿ ನೆಯ್ದದ್ದು, ಎಂತಹ ಜರಿಯದು, ಇಂದು ಮಾರಿದರೆ ಏನು ಬಂದೀತು ಎಂದು ಕೇಳಿದರೆ, ‘ಅಜ್ಜಿಯ ಕಾಲದ್ದು’ ಎಂಬುದಕ್ಕಿಂತ ಹೆಚ್ಚಿನದನ್ನು ಬಹುಮಂದಿ ಹೇಳಲಾರರು. ಈ ಅರಿಯದಿರುವಿಕೆಯಿಂದ ನಮಗೆ ಆಗಿರುವ ನಷ್ಟವು ಸಾಮಾನ್ಯವಾದುದಲ್ಲ.

ಇದನ್ನು ನಾನು ಪರರನ್ನು ದೂಷಿಸುವುದಕ್ಕಾಗಿ ಹೇಳುತ್ತಿಲ್ಲ. ನನ್ನ ಮನೆಯಲ್ಲಿಯೇ ನಡೆದ ಸಂಗತಿಯನ್ನು ಮೊದಲು ಒಪ್ಪಿಕೊಳ್ಳುವೆನು. ೧೯೮೦ನೆಯ ಇಸವಿಯ ಮೊದಲಲ್ಲಿ ಲೋಕದ ಪೇಟೆಗಳಲ್ಲೆಲ್ಲ ಬೆಳ್ಳಿಯ ಬೆಲೆಯು ಹಿಂದೆಂದೂ ಇಲ್ಲದಷ್ಟು ಏರಿದ್ದಿತು. ಆಗ ಹಳೆಯ ಜರಿಯನ್ನು ಕೊಳ್ಳುವವನೊಬ್ಬನು ನಮ್ಮ ಬೀದಿಗೆ ಬಂದನು. ಅಜ್ಜಿಯು ತೀರಿಕೊಂಡು ಆರು ತಿಂಗಳಾಗಿತ್ತು. ಆಕೆಯ ಧಾರೆಯ ಸೀರೆಯನ್ನು ನಾವು ಜಗುಲಿಯ ಮೇಲೆ ಹರಡಿದೆವು. ಅವನು ಸೆರಗಿನಿಂದ ಒಂದು ಎಳೆಯನ್ನು ಕಿತ್ತು ಬೆಂಕಿಕಡ್ಡಿಗೆ ಹಿಡಿದನು. ಉಳಿದ ಕರಿಯ ತಂತಿಯನ್ನು ಉಗುರಿನಿಂದ ಕೆರೆದು ನೋಡಿ ತಲೆಯಾಡಿಸಿದನು. ಆಮೇಲೆ ಕತ್ತರಿಯನ್ನು ತೆಗೆದು ಎರಡು ಅಂಚುಗಳನ್ನೂ ಸೆರಗನ್ನೂ ಕತ್ತರಿಸಿ ತಕ್ಕಡಿಯಲ್ಲಿಟ್ಟು, ಒಡಲಿನ ರೇಷ್ಮೆಯನ್ನು ನಮಗೇ ಬಿಟ್ಟು, ಹಣವನ್ನು ಎಣಿಸಿ ಹೊರಟುಹೋದನು. ನಾವು ಎಣಿಸಿದ್ದುದಕ್ಕಿಂತ ಹಣ ಹೆಚ್ಚೇ ಬಂದಿತ್ತು. ಆದ್ದರಿಂದ ಮೋಸ ಹೋದೆವೆಂದು ಯಾರಿಗೂ ತೋರಲಿಲ್ಲ. ಮರುವಾರ ಬಂದ ದೊಡ್ಡಮ್ಮನು ಸೀರೆಯೆಲ್ಲಿ ಎಂದು ಕೇಳಿದಾಗ ನಾನು ನಡೆದುದನ್ನು ಹೇಳಿದೆನು. ಆಕೆ ಕೋಪಿಸಿಕೊಳ್ಳಲಿಲ್ಲ. ‘ತೂಕಕ್ಕೆ ಕೊಟ್ಟುಬಿಟ್ಟೆಯೇನೋ? ಅದು ತೂಕದ ಸೀರೆಯೇನಪ್ಪ?’ ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ಈ ಲೇಖನವು ಹುಟ್ಟಿತು.

ಬೆಲೆಯುಳ್ಳ ವಸ್ತ್ರವನ್ನು ಆಸ್ತಿಯೆಂದು ಎಣಿಸುವ ವಾಡಿಕೆಯು ನಮ್ಮ ನಾಡಿನಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ವಿವಾಹಕಾಲದಲ್ಲಿ ತಂದೆ ತಾಯಿ ಸೋದರರು ಕೊಟ್ಟುದು ಮಾತ್ರವೇ ಅಲ್ಲದೆ, ಹೆಣ್ಣುಮಗಳಿಗೆ ನ್ಯಾಯವಾಗಿ ಬೇರೆ ಬಗೆಯಲ್ಲಿ ಬಂದುದೂ ಸ್ತ್ರೀಧನವೇ ಎಂದು ಆತನು ಅದರ ಅರ್ಥವನ್ನು ವಿಸ್ತರಿಸಿದನು. ಗಂಡನು ಸ್ತ್ರೀಧನವನ್ನು ತೆಗೆದುಕೊಂಡರೆ ಹಿಂದಿರುಗಿಸಬೇಕು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಸೆರೆ ಎಂಬ ನಾಲ್ಕು ಸಂಕಟಗಳಲ್ಲಿ ತೆಗೆದುಕೊಂಡುದನ್ನು ಮಾತ್ರ ಹಿಂದಿರುಗಿಸಬೇಕಾಗಿಲ್ಲ ಎಂಬುದು ಸ್ಮೃತಿಯ ಕಟ್ಟಳೆ. ನಮ್ಮ ಅಜ್ಜಿಯ ಸೀರೆಯು ಈ ನಾಲ್ಕರಲ್ಲಿ ಯಾವುದಕ್ಕೂ ಸಲ್ಲಲಿಲ್ಲವೆಂಬುದನ್ನು ಓದುಗರು ಗಮನಿಸಬಹುದು.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಅರಸನ ಭೋಗಗಳನ್ನು ವಿವರಿಸುವಾಗ ವಸ್ತ್ರಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಅಲ್ಲಿ ಕಳಿಂಗ, ವಂಗ, ಸಿಂಹಳ, ಚೀನ ಮೊದಲಾದ ದೇಶಗಳಿಂದ ಬಂದ ಬಟ್ಟೆಗಳು ಹೆಸರಿಸಲ್ಪಟ್ಟಿವೆ. ಹುಟ್ಟಿದ ಊರಿನ ಹೆಸರಿನಿಂದ ಬಟ್ಟೆಯನ್ನು ಗುರುತಿಸುವ ಪದ್ಧತಿಯು ಆಗಲೇ ನೆಲೆಗೊಂಡಿದ್ದಿತೆಂದು ಇದರಿಂದ ತಿಳಿಯುವುದು. ಇಂದು ಇಳಕಲ್ಲು, ಮೊಳಕಾಲ್ಮೂರು, ಮೈಸೂರು ಎಂದು ನಾವು ಹೇಳುವುದು ಆ ಪದ್ಧತಿಯ ಮುಂದುವರಿಕೆಯೇ ಆಗಿದೆ.

ಬೆಲೆಯ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಮಾತನ್ನು ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸನಾದ ನೂನಿಜನು ಬರೆದಿರುವನು. ಆತನು ಅಚ್ಯುತರಾಯನ ಕಾಲದವನು (ಅಚ್ಯುತರಾಯನ ಆಳಿಕೆ ೧೫೨೯–೧೫೪೨). ಅರಸನು ಒಮ್ಮೆ ಉಟ್ಟ ಬಟ್ಟೆಯನ್ನು ಮತ್ತೊಮ್ಮೆ ಉಡುವುದಿಲ್ಲ. ಕಳಚಿದೊಡನೆ ಅದಕ್ಕೆಂದೇ ನೇಮಕವಾದ ಅಧಿಕಾರಿಗಳಿಗೆ ಒಪ್ಪಿಸುವನು. ಅವರು ಅದಕ್ಕೆ ಲೆಕ್ಕವನ್ನು ಕೊಡಬೇಕು. ಆ ಬಟ್ಟೆಗಳನ್ನು ಯಾರಿಗೂ ಕೊಡುವಂತಿಲ್ಲ ಎಂದು ಆತನು ಹೇಳುವನು. ಚಿನ್ನದ ಕೆಲಸವುಳ್ಳ ಆ ರೇಷ್ಮೆಯ ವಸ್ತ್ರ ಒಂದೊಂದಕ್ಕೆ ಹತ್ತು ಪರ್ದಾವೊ, ಎಂದರೆ ನಮ್ಮ ವರಹ, ಬೆಲೆಯೆಂದೂ, ತಲೆಗೆ ಧರಿಸುವ ಜರತಾರಿಯ ಕುಳ್ಳಾಯಿಗೆ ಇಪ್ಪತ್ತು ಕ್ರುಜಾದೊ ಎಂಬ ಪೋರ್ತುಗೀಸ್ ನಾಣ್ಯಗಳ ಬೆಲೆಯೆಂದೂ ಬರೆದಿರುವನು. ನೋಡಿರಿ: ಬೆಲೆಯು ಗೊತ್ತಿದ್ದಿತು, ಕಾವಲು ಇದ್ದಿತು, ಲೆಕ್ಕವೂ ಇದ್ದಿತು. ಆದರೂ ೧೫೬೫ರ ಯುದ್ಧದ ತರುವಾಯ ಆ ಉಗ್ರಾಣವು ಏನಾಯಿತೋ! ಆ ಕಾಲದ ಉಡುಗೆಯನ್ನು ಕಾಣಬೇಕೆನ್ನುವವರು ಇಂದು ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ತಲೆಯೆತ್ತಿ ನೋಡಬೇಕಾಗಿದೆ. ಸೀರೆಯ ಅಂಚುಗಳೂ ಉದ್ದನೆಯ ಕುಳ್ಳಾಯಿಗಳೂ ಅಲ್ಲಿ ಬಣ್ಣದಲ್ಲಿ ಉಳಿದಿವೆ.

ಹಾಗಾದರೆ ಜರತಾರಿಯಲ್ಲಿ ಬೆಲೆಯು ಎಲ್ಲಿರುವುದು? ಜರಿ ಎಂಬ ಮಾತಿನ ಮೂಲವು ಚಿನ್ನವೆಂಬ ಅರ್ಥವುಳ್ಳ ಪಾರಸಿಯ ‘ಜರ್’ ಶಬ್ದ. ಈ ಹೆಸರಿನಿಂದಲೇ ಬಹುಮಂದಿ ಮೋಸಹೋಗುವರು. ನಿಜವಾದ ಜರಿಯು ಚಿನ್ನದ ನೂಲಲ್ಲ. ಅದು ಚಿನ್ನದ ತೆಳುವಾದ ಹೊದಿಕೆಯುಳ್ಳ ಬೆಳ್ಳಿಯ ನೂಲು. ಹಿಂದಿನವರು ಬೆಳ್ಳಿಯ ಕಂಬಿಯ ಮೇಲೆ ಚಿನ್ನದ ರೇಕನ್ನು ಹೊದಿಸಿ ಕಾಯಿಸಿ, ಕಂಬಚ್ಚಿನ ರಂಧ್ರಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು, ಕೂದಲಿನಷ್ಟು ಸಣ್ಣಗೆ ಮಾಡುತ್ತಿದ್ದರು. ಕಂಬಿಯು ಸಣ್ಣದಾದಂತೆಲ್ಲ ಹೊದಿಕೆಯೂ ಅದರೊಡನೆ ತೆಳುವಾಗುತ್ತ ಹೋಗುವುದು. ಅನಂತರ ಆ ತಂತಿಯನ್ನು ಚಪ್ಪಟೆಯಾಗಿ ತಟ್ಟಿ ರೇಷ್ಮೆಯ ಎಳೆಯ ಮೇಲೆ ಸುತ್ತುವರು. ಇದೇ ಕಲಾಬತ್ತು. ಈಗ ವಿದ್ಯುತ್ತಿನ ಸಹಾಯದಿಂದ ಚಿನ್ನದ ಲೇಪವನ್ನು ಕೊಡುವುದುಂಟು. ಈ ಕೆಲಸಕ್ಕೆ ಗುಜರಾತಿನ ಸೂರತ್ತು ಬಹುಕಾಲದಿಂದ ಹೆಸರಾದ ಊರು.

ನಮ್ಮ ಸಮೀಪದ ಉದಾಹರಣೆಯಿಂದ ಇದನ್ನು ಲೆಕ್ಕ ಹಾಕಿ ನೋಡೋಣ. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಆರಂಭವಾಯಿತು. ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗಗಳನ್ನು ತರಿಸಲಾಯಿತು. ಅರಮನೆಗಾಗಿ ನೆಯ್ಯಲು ತೊಡಗಿದ ಆ ಕಾರ್ಖಾನೆಯು ಸ್ವಾತಂತ್ರ್ಯಾನಂತರ ಸರ್ಕಾರದ ರೇಷ್ಮೆ ಇಲಾಖೆಯ ಕೈಗೆ ಬಂದು, ೧೯೮೦ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಅಲ್ಲಿಯ ಸೀರೆಯ ಜರಿಯಲ್ಲಿ ನೂರಕ್ಕೆ ೬೫ ಪಾಲು ಬೆಳ್ಳಿಯೂ ೦.೬೫ ಪಾಲು ಚಿನ್ನವೂ ಇರುವುವೆಂದು ನಿಗಮವು ಪ್ರಕಟಿಸಿರುವುದು. ಎಂದರೆ ಸೀರೆಯೊಂದರಲ್ಲಿ ೧೦೦ ಗ್ರಾಂ ಜರಿಯಿದ್ದರೆ ಅದರಲ್ಲಿ ಬೆಳ್ಳಿ ೬೫ ಗ್ರಾಂ. ಚಿನ್ನವಾದರೋ ಒಂದು ಗ್ರಾಮಿನ ಮೂರರಲ್ಲಿ ಎರಡು ಪಾಲಿಗೂ ತುಸು ಕಡಮೆ. ಕಣ್ಣಿಗೆ ಕಾಣುವುದೆಲ್ಲ ಚಿನ್ನ, ತಕ್ಕಡಿಗೆ ಸಿಕ್ಕುವುದೆಲ್ಲ ಬೆಳ್ಳಿ. ಈ ಒಂದು ಲೆಕ್ಕವನ್ನು ತಿಳಿದ ಗೃಹಿಣಿಯು, ಹಳೆಯ ಜರಿಯವನು ಹೇಳುವ ಬೆಲೆಯು ಸರಿಯೋ ತಪ್ಪೋ ಎಂಬುದನ್ನು ಆ ದಿನದ ಪತ್ರಿಕೆಯನ್ನು ನೋಡಿ ತಾನೇ ನಿರ್ಣಯಿಸಬಲ್ಲಳು.

ಇದು ಮೊದಲನೆಯ ಬೆಲೆ, ಲೋಹದ ಬೆಲೆ. ಪೇಟೆಯೊಡನೆ ಏರುವುದು, ಪೇಟೆಯೊಡನೆ ಇಳಿಯುವುದು. ಯಾವ ಊರಿನಲ್ಲಿ ಕೇಳಿದರೂ ಒಂದೇ. ಎರಡನೆಯದು ನೇಯ್ಗೆಯ ಬೆಲೆ. ಅದು ತಕ್ಕಡಿಗೆ ತಿಳಿಯದು. ಮೊದಲನೆಯದನ್ನು ಪಡೆಯಬೇಕಾದರೆ ಎರಡನೆಯದನ್ನು ಸುಡಬೇಕು. ಸುಟ್ಟ ಮೇಲೆ ಮತ್ತೆ ಪಡೆಯುವಂತಿಲ್ಲ. ಜರತಾರಿಯ ಚರಿತ್ರೆಯ ದುಃಖವೆಲ್ಲವೂ ಈ ಒಂದು ಸಂಗತಿಯಲ್ಲಿ ಅಡಗಿರುವುದು.

ಈ ಅವಿವೇಕವು ನಮ್ಮ ದೇಶದವರಿಗೆ ಮಾತ್ರವೇ ಅಂಟಿದ್ದೆಂದು ನಾವು ನಾಚಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಆಸ್ಥಾನದ ಸ್ತ್ರೀಯರಿಗೆ ಹಳೆಯ ಉಡುಪುಗಳಿಂದ ಚಿನ್ನ ಬೆಳ್ಳಿಯ ಎಳೆಗಳನ್ನು ಬಿಡಿಸಿ ಅಕ್ಕಸಾಲಿಗರಿಗೆ ಮಾರುವುದೇ ಒಂದು ವಿನೋದವಾಗಿದ್ದಿತು. ಪಾರ್ಫಿಲಾಜ್ ಎಂದು ಅದಕ್ಕೆ ಹೆಸರು. ಈ ಚಪಲವು ಇಂಗ್ಲೆಂಡಿಗೂ ಹಬ್ಬಿತು. ಮುಂದೆ ಬೆಲ್ಜಿಯಮ್ಮಿನ ಮೊದಲನೆಯ ಅರಸನಾದ ಲಿಯೋಪೋಲ್ಡನು ಹೀಗೆಯೇ ಎಳೆಗಳನ್ನು ಬಿಡಿಸಿ ಬಿಡಿಸಿ, ಅದರಿಂದ ಬಂದ ಹಣದಲ್ಲಿ ತನ್ನ ಸೋದರಿಯ ಮಗಳಾದ ವಿಕ್ಟೋರಿಯಾಳಿಗೆ ಸಾರು ಬಡಿಸುವ ಬೆಳ್ಳಿಯ ಪಾತ್ರೆಯೊಂದನ್ನು ಉಡುಗೊರೆಯಾಗಿ ಕೊಟ್ಟನು. ಇದು ವಿನೋದದ ಮಾತಾಯಿತು. ೧೭೯೭ರಲ್ಲಿ ನಡೆದುದು ವಿನೋದವಲ್ಲ. ಕ್ರಾಂತಿಯ ತರುವಾಯ ಬೊಕ್ಕಸವು ಬರಿದಾಗಲು, ಫ್ರೆಂಚ್ ಸರ್ಕಾರವು ಹಳೆಯ ಅರಸರ ಸಂಗ್ರಹದಲ್ಲಿದ್ದ, ಚಿನ್ನ ಬೆಳ್ಳಿಯ ಎಳೆಗಳಿಂದ ನೆಯ್ದ ಅನೇಕ ಚಿತ್ರಪಟಗಳನ್ನು ಬೆಂಕಿಗೆ ಹಾಕಿಸಿ ಲೋಹವನ್ನು ಬಸಿದುಕೊಂಡಿತು. ಆ ಲೋಹವು ಎಂದೋ ಖರ್ಚಾಗಿಹೋಯಿತು. ಸುಡದೆ ಉಳಿದ ಪಟಗಳನ್ನು ಕಾಣಲು ಜನರು ಇಂದಿಗೂ ದೂರದಿಂದ ಬರುತ್ತಿರುವರು.

ನಮ್ಮ ದೇಶದಲ್ಲಿ ಬನಾರಸಿನ ಕಿಂಕಾಪಿಗೂ ದಕ್ಷಿಣದ ಜರತಾರಿಗೂ ಇದೇ ಗತಿಯು ಎಷ್ಟೋ ಮನೆಗಳಲ್ಲಿ ಒದಗಿತು. ಸುಟ್ಟವರು ಅರಸರೂ ಅಲ್ಲ, ಕ್ರಾಂತಿಕಾರರೂ ಅಲ್ಲ. ಕಷ್ಟದಲ್ಲಿದ್ದ ಗೃಹಸ್ಥರು, ಕೆಲವೊಮ್ಮೆ ಕಷ್ಟವೇ ಇಲ್ಲದ ನಮ್ಮಂತಹವರು. ಹಳೆಯ ಬಟ್ಟೆಯನ್ನು ಕಾಪಾಡುವ ಪ್ರಯತ್ನವೂ ಇಲ್ಲದಿರಲಿಲ್ಲ. ೧೯೪೯ರಲ್ಲಿ ಅಹಮದಾಬಾದಿನಲ್ಲಿ ಗೌತಮ ಸಾರಾಭಾಯಿ ಮತ್ತು ಅವರ ಸೋದರಿ ಗಿರಾ ಸಾರಾಭಾಯಿಯವರು ಸ್ಥಾಪಿಸಿದ ಕ್ಯಾಲಿಕೋ ವಸ್ತ್ರಸಂಗ್ರಹಾಲಯವು ಇದಕ್ಕೆ ಪ್ರಸಿದ್ಧ ನಿದರ್ಶನ. ತಕ್ಕಡಿಯಲ್ಲಿಟ್ಟರೆ ಕವಡೆಯೂ ಬಾರದ ಹತ್ತಿಯ ಬಟ್ಟೆಗಳನ್ನೂ ಅಲ್ಲಿ ಗೌರವದಿಂದ ಇಟ್ಟಿರುವರು.

ಇನ್ನು, ತನ್ನ ಮನೆಯ ಪೆಟ್ಟಿಗೆಯಲ್ಲಿರುವುದರ ಬೆಲೆಯನ್ನು ಗೃಹಸ್ಥನು ಅರಿಯುವ ಬಗೆ ಹೇಗೆ?

ಮೊದಲನೆಯದಾಗಿ ಜರಿಯನ್ನು ಪರೀಕ್ಷಿಸಬೇಕು. ನಿಜವಾದ ಜರಿಯಲ್ಲದೆ, ತಾಮ್ರದ ತಂತಿಗೆ ಬೆಳ್ಳಿಯ ಲೇಪವನ್ನು ಕೊಟ್ಟದ್ದೂ, ಬರಿಯ ಪ್ಲಾಸ್ಟಿಕ್ಕಿನ ಹೊಳಪುಪಟ್ಟಿಯೂ ಪೇಟೆಯಲ್ಲಿ ಉಂಟು. ಅಂಚಿನ ಒಳಬದಿಯಲ್ಲಿ ಸಡಿಲವಾಗಿರುವ ಒಂದು ಎಳೆಯು ಪರೀಕ್ಷೆಗೆ ಸಾಕು, ಸೀರೆಯನ್ನು ಕತ್ತರಿಸಬೇಕಾಗಿಲ್ಲ. ಬೆಂಕಿಗೆ ಹಿಡಿದಾಗ ಪ್ಲಾಸ್ಟಿಕ್ಕು ಕರಗಿ ಗುಂಡಾಗುವುದು. ಲೋಹದ ಜರಿಯಲ್ಲಿ ಒಳಗಿನ ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಬೀರಿ ಬೂದಿಯಾಗಿ ತಂತಿಯು ಉಳಿಯುವುದು. ಆ ತಂತಿಯನ್ನು ಒರೆಗಲ್ಲಿಗೆ ಉಜ್ಜಿದರೆ ತಾಮ್ರವೋ ಬೆಳ್ಳಿಯೋ ಎಂಬುದು ಚಿನಿವಾರನಿಗೆ ತಿಳಿಯುವುದು. ಕ್ಷಕಿರಣದಿಂದ ಲೋಹವನ್ನು ಪರೀಕ್ಷಿಸುವ ಯಂತ್ರಗಳು ಈಗ ಬಂದಿರುವುದರಿಂದ ಎಳೆಯನ್ನು ಸುಡುವ ಅಗತ್ಯವೂ ಇಲ್ಲ. ಜರಿಯು ಕಪ್ಪಾಗಿದೆಯೆಂದು ಅದನ್ನು ಹುಸಿಯೆಂದು ತಳ್ಳಬಾರದು. ಗಾಳಿಯಲ್ಲಿಯ ಗಂಧಕದಿಂದ ಕಪ್ಪಾಗುವುದು ಬೆಳ್ಳಿಯ ಸ್ವಭಾವ.

ಎರಡನೆಯದಾಗಿ ನೇಯ್ಗೆಯನ್ನು ನೋಡಬೇಕು. ಬಟ್ಟೆಯ ಹಿಂಬದಿಯು ಮುಂಬದಿಗಿಂತ ಸತ್ಯವನ್ನು ಹೇಳುವುದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆಯ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸುವರು. ಒಡಲು ಸೆರಗು ಕೂಡುವೆಡೆಯಲ್ಲಿ ಆ ಸಂಧಿಯನ್ನು ಕಾಣಬಹುದು. ಅದರ ಮೇಲೆ ಕಸೂತಿಯಿದ್ದರೆ, ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಗಂಟಿಲ್ಲದೆ ಎರಡು ಬದಿಯಲ್ಲಿಯೂ ಒಂದೇ ರೂಪವಾಗಿ ಕಾಣುವುವು. ಇಂತಹ ಸೀರೆಯಲ್ಲಿ ಜರಿಯೇ ಇಲ್ಲದಿರಬಹುದು. ಹಳೆಯ ಜರಿಯವನು ಅದನ್ನು ಮುಟ್ಟಿಯೂ ನೋಡನು. ಆದರೂ ಬಲ್ಲವರು ಅದಕ್ಕೆ ಕೊಡುವ ಬೆಲೆಯು ಎಷ್ಟೋ ಜರತಾರಿಗೂ ಸಿಕ್ಕದು. ಇನ್ನು, ಕೈಮಗ್ಗದ್ದೇ ಶ್ರೇಷ್ಠ, ಯಂತ್ರಮಗ್ಗದ್ದೆಲ್ಲ ಕನಿಷ್ಠ ಎಂಬ ಮಾತೂ ಪೂರ್ಣ ಸತ್ಯವಲ್ಲ. ಮೈಸೂರಿನ ರೇಷ್ಮೆಯು ಯಂತ್ರಮಗ್ಗದಲ್ಲಿಯೇ ಹುಟ್ಟಿ ಕೀರ್ತಿಯನ್ನು ಪಡೆದುದು. ನಿಗಮದ ಈಚಿನ ಸೀರೆಗಳಲ್ಲಿ ಒಂದೊಂದಕ್ಕೂ ಗುರುತಿನ ಅಂಕಿಯಿರುವುದು. ಆ ತುದಿಯನ್ನು ಕತ್ತರಿಸಿದವರು ಸೀರೆಯ ಜಾತಕವನ್ನೇ ಕತ್ತರಿಸಿದಂತೆ.

ಮೂರನೆಯದಾಗಿ ಸೀರೆಯು ಇಡಿಯಾಗಿದೆಯೇ ಎಂದು ನೋಡಬೇಕು. ಅಂಚು, ಒಡಲು, ಸೆರಗು ಮೂರೂ ಕೂಡಿದ್ದರೆ ಅದು ಸೀರೆ. ಬಿಡಿಸಿದರೆ ಮೂರು ತುಂಡು ಬಟ್ಟೆ. ಕಾಪಿಡುವುದರಲ್ಲಿಯೂ ಬೆಲೆಯ ಅರ್ಧವಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಮಡಿಕೆಯ ಗೆರೆಯಲ್ಲಿಯೇ ಜರಿಯೂ ರೇಷ್ಮೆಯೂ ಬಿರಿಯುವುವು. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಹೊರತೆಗೆದು ನೆರಳಿನಲ್ಲಿ ಗಾಳಿಯಾಡಿಸಿ ಮಡಿಕೆಯನ್ನು ಬದಲಿಸಬೇಕು. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು. ನುಸಿಗುಳಿಗೆಯನ್ನೂ ಅತ್ತರನ್ನೂ ಜರಿಗೆ ತಾಕಿಸಬಾರದು.

ನಾಲ್ಕನೆಯದು ಅದರ ಚರಿತ್ರೆ. ಎಲ್ಲಿ ಕೊಂಡದ್ದು, ಯಾವ ಶುಭಕಾರ್ಯಕ್ಕೆ, ಯಾರು ಉಟ್ಟದ್ದು ಎಂಬ ನಾಲ್ಕು ಪಂಕ್ತಿಗಳಿರುವ ಚೀಟಿಯೂ, ಸಿಕ್ಕಿದರೆ ಅಂಗಡಿಯ ಹಳೆಯ ರಶೀತಿಯೂ, ಆ ಸೀರೆಯನ್ನುಟ್ಟು ತೆಗೆಸಿದ ಭಾವಚಿತ್ರವೂ ಜೊತೆಗಿದ್ದರೆ, ಸಂಗ್ರಹಕಾರನು ಅದಕ್ಕೆ ಬೇರೆಯೇ ಬೆಲೆಯನ್ನು ಕಟ್ಟುವನು. ಕಾಲವು ಗೊತ್ತಿರುವ ಬಟ್ಟೆಗೂ ಗೊತ್ತಿಲ್ಲದ ಬಟ್ಟೆಗೂ ಇರುವ ಅಂತರವು ಶಾಸನಕ್ಕೂ ಬರಿಯ ಕಲ್ಲಿಗೂ ಇರುವಂತಹುದು. ನೂರು ವರ್ಷ ದಾಟಿದ ಕಲಾವಸ್ತುಗಳು ೧೯೭೨ರ ಪುರಾತನ ವಸ್ತುಗಳ ಕಾನೂನಿಗೆ ಒಳಪಡುವುವೆಂಬುದನ್ನೂ, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲವೆಂಬುದನ್ನೂ ಮಾರುವವರು ನೆನಪಿಡಬೇಕು.

ಇಷ್ಟನ್ನು ಕೇಳಿದ ಬಳಿಕ, ಹಾಗಾದರೆ ಜರತಾರಿಯನ್ನು ಕೊಂಡಿಡುವುದು ಲಾಭದ ಬಂಡವಾಳವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲವೆಂದೇ ನನ್ನ ಉತ್ತರ. ಹೊಸ ಸೀರೆಗೆ ನಾವು ತೆರುವ ಹಣದಲ್ಲಿ ಲೋಹದ ಪಾಲು ಒಂದು ಅಂಶ ಮಾತ್ರ. ರೇಷ್ಮೆ, ನೇಯ್ಗೆಯ ಕೂಲಿ, ವ್ಯಾಪಾರಿಯ ಲಾಭ, ಸರ್ಕಾರದ ತೆರಿಗೆ ಇವು ಉಳಿದುದನ್ನು ನುಂಗುವುವು. ಅಂಗಡಿಯ ಮೆಟ್ಟಿಲನ್ನು ಇಳಿದ ದಿನವೇ ಮಾರಲು ಹೊರಟರೆ ಕೊಟ್ಟ ಹಣವು ಹಿಂದೆ ಬಾರದು. ಬಡ್ಡಿಯನ್ನು ಬಯಸುವವರಿಗೆ ಬೇರೆ ದಾರಿಗಳಿವೆ. ಸೀರೆಯನ್ನು ಉಡುವುದಕ್ಕಾಗಿಯೇ ಕೊಳ್ಳಬೇಕು. ಬೆಲೆಯು ಏರುವುದು ಎಲ್ಲ ಸೀರೆಗಳದ್ದಲ್ಲ. ಇಂದು ನೆಯ್ಯುವವರಿಲ್ಲದ ಬಗೆಯದು, ಇಡಿಯಾಗಿ ಉಳಿದುದು, ಚರಿತ್ರೆಯು ಗೊತ್ತಿರುವುದು, ಇಂತಹ ಕೆಲವಕ್ಕೆ ಮಾತ್ರ. ಅಂತಹುದನ್ನು ಯಾರೂ ಲಾಭಕ್ಕೆಂದು ಕೊಂಡಿಟ್ಟವರಲ್ಲ. ಪ್ರೀತಿಯಿಂದ ಉಟ್ಟು, ಜೋಪಾನವಾಗಿ ಮಡಿಸಿಟ್ಟವರ ಮನೆಯಲ್ಲಿಯೇ ಅವು ಉಳಿದುಬಂದಿವೆ.

ಕಷ್ಟಕಾಲದಲ್ಲಿ ಮಾರಲೇಬಾರದೆಂದು ನಾನು ಹೇಳಲಾರೆನು. ಮಗುವಿನ ಔಷಧಕ್ಕಿಂತ ಮೇಲಾದ ಸೀರೆಯಿಲ್ಲ. ಸ್ಮೃತಿಕಾರನೂ ಅದನ್ನು ಒಪ್ಪಿರುವನು. ಆದರೆ ಮಾರುವಾಗ ಎರಡು ಬೆಲೆಗಳನ್ನೂ ಅರಿತು ಮಾರಬೇಕು. ಮೊದಲು ನೇಯ್ಗೆಯನ್ನು ಬಲ್ಲವರಿಗೆ ತೋರಿಸಬೇಕು. ಅವರು ಬೇಡವೆಂದ ಬಳಿಕ, ಸವೆದು ಹರಿದು ಉಳಿಸಲಾರದ ಸ್ಥಿತಿಯಲ್ಲಿದ್ದರೆ, ಲೋಹಕ್ಕೆ ಕೊಡಬಹುದು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ತಿದ್ದುವುದಕ್ಕೆ ಆಸ್ಪದವಿಲ್ಲ.

ನಮ್ಮ ಅಜ್ಜಿಯ ಸೀರೆಯ ಒಡಲಿನಿಂದ ಮನೆಯ ಮಕ್ಕಳಿಗೆ ಲಂಗಗಳನ್ನು ಹೊಲಿಸಿದೆವು, ಅವೂ ಹರಿದುಹೋದುವು. ಅಂಚಿನ ಕಡೆಯ ಗೇಣುದ್ದದ ಒಂದು ತುಂಡು, ಅರ್ಧ ಹಂಸವೊಂದರೊಡನೆ, ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿತು. ಆ ಸೀರೆಯನ್ನು ಮೊಳಕಾಲ್ಮೂರಿನಲ್ಲಿ ಹೇಳಿ ನೆಯ್ಯಿಸಿದ್ದೆಂದೂ, ಅಂಚಿನ ಹಂಸಗಳು ಒಂದನ್ನೊಂದು ನೋಡುವಂತೆ ಇರಬೇಕೆಂದು ಅಜ್ಜಿಯ ತಾಯಿಯೇ ಕೇಳಿ ಹಾಕಿಸಿದ್ದಳೆಂದೂ ಆಕೆ ಆಗ ಹೇಳಿದಳು. ಸೀರೆಯು ಹೋದ ಮೇಲೆ ತಿಳಿದ ಈ ಮಾತನ್ನು ಚೀಟಿಯಲ್ಲಿ ಬರೆದು ಆ ತುಂಡಿನೊಡನೆ ಇಟ್ಟಿದ್ದೇನೆ. ಓದುಗರು ತಮ್ಮ ಮನೆಯ ಹಿರಿಯರು ಇರುವಾಗಲೇ ಪೆಟ್ಟಿಗೆಯನ್ನು ತೆರೆದು ಕೇಳಿ ಬರೆದುಕೊಂಡರೆ, ನನ್ನ ಚೀಟಿಗಿಂತ ಅವರ ಚೀಟಿಗಳು ಹೆಚ್ಚು ಉಪಯೋಗಕ್ಕೆ ಬಂದಾವು.